ರಾತ್ರಿ ಊಟದ ನಂತರದ ಎದೆಯುರಿ

ಪ್ರಶ್ನೆ: ನನಗೆ 46 ವರ್ಷ. ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ಇದೆ. ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ, ಊಟ ಮಾಡಿ ಮಲಗಿದೊಡನೆ ಎದೆಯುರಿ, ಹುಳಿತೇಗು ಶುರುವಾಗುತ್ತದೆ. ಸಂಜೆ ತಿನ್ನುವ ಮಂಡಕ್ಕಿ ಮಿರ್ಚಿಯೇ ಕಾರಣವೇ? ಇದು ಎಲ್ಲರಿಗೂ ಬರುವ ತೊಂದರೆಯೇ?

ಉತ್ತರ: ಬಹಳ ಜನರಿಗೆ ಬರುವ ತೊಂದರೆಯೇ. ಪಾಶ್ಚಾತ್ಯ ದೇಶಗಳಲ್ಲಿ ನೂರಕ್ಕೆ 10ರಿಂದ 20 ಜನರಿಗೆ ವಾರಕ್ಕೊಮ್ಮೆಯಾದರೂ ಇದು ಕಾಡುತ್ತದೆ. ಅನ್ನನಾಳ ಜಠರವನ್ನು ಸೇರುವಲ್ಲಿರುವ ಸ್ನಾಯುವಿನ ಬಿಗಿ ಸಡಿಲವಾದಾಗ, ಜಠರದ ಆಮ್ಲವು ಮೇಲಕ್ಕೆ ನುಗ್ಗಿ ಅನ್ನನಾಳದ ಒಳಪದರವನ್ನು ಕೆರಳಿಸುತ್ತದೆ. ಹೊಟ್ಟೆಯ ಬೊಜ್ಜು, ಗರ್ಭಾವಸ್ಥೆ, ಧೂಮಪಾನ, ಮದ್ಯ, ರಕ್ತದೊತ್ತಡದ ಕೆಲವು ಮಾತ್ರೆಗಳು ಇದಕ್ಕೆ ಎಡೆಮಾಡಿಕೊಡುತ್ತವೆ. ಎಣ್ಣೆಯಲ್ಲಿ ಕರಿದ ಮಿರ್ಚಿ ಕೆಲವರಲ್ಲಿ ಉರಿ ಹೆಚ್ಚಿಸುವುದು ನಿಜವಾದರೂ, ನಿಮ್ಮ ವಿಷಯದಲ್ಲಿ ನನ್ನ ಮೊದಲ ಅನುಮಾನ ಉಂಡ ಕೂಡಲೇ ಮಲಗುವುದರ ಮೇಲೆ. ರಾತ್ರಿಯೂಟವನ್ನು ಮನೆಯಿಂದ ತರಿಸಿಕೊಂಡು ಎಂಟಕ್ಕೇ ಅಂಗಡಿಯಲ್ಲಿ ಮುಗಿಸಿ. ಊಟಕ್ಕೂ ನಿದ್ದೆಗೂ ಮೂರು ಗಂಟೆಯ ಅಂತರವಿರಲಿ. ಮಂಚದ ತಲೆಯ ಕಡೆಯ ಕಾಲುಗಳನ್ನು ಆರು ಅಂಗುಲ ಎತ್ತರಿಸಿ, ಎಡಮಗ್ಗುಲಾಗಿ ಮಲಗಿ. ತೂಕ ಹೆಚ್ಚಿದ್ದರೆ ಅದನ್ನು ಇಳಿಸುವುದರಿಂದ ಆಗುವಷ್ಟು ಉಪಕಾರ ಪಥ್ಯವೊಂದರಿಂದಲೇ ಆಗದು.

ವಾರಕ್ಕೆರಡು ದಿನಕ್ಕಿಂತ ಹೆಚ್ಚು ಉರಿ ಬರುತ್ತಿದ್ದರೆ ಔಷಧಿ ಅಂಗಡಿಯ ಮಾತ್ರೆಯನ್ನೇ ನೆಚ್ಚಿಕೊಂಡಿರದೆ ವೈದ್ಯರಿಗೆ ತೋರಿಸಿ. ನುಂಗಲು ಕಷ್ಟ, ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ತಡಮಾಡಲೇಬಾರದು. ಎದೆ ಹಿಂಡಿದಂತಾಗಿ ಬೆವರು ಬಂದರೆ, ಅದನ್ನು ಗ್ಯಾಸ್ಟ್ರಿಕ್ ಎಂದುಕೊಳ್ಳದೆ ಕೂಡಲೇ ಆಸ್ಪತ್ರೆಗೆ ಹೋಗಿ ಹೃದಯದ ಪರೀಕ್ಷೆ ಮಾಡಿಸಿಕೊಳ್ಳಿ.