ಪ್ರಯೋಗದ ಫೈಲು ಸಿಗದಿದ್ದರೆ ಲೆಕ್ಕದ ಫೈಲು ಬಿಚ್ಚಿ

ಓದುಗರ ಪತ್ರ: ರಾವಲ್ಪಿಂಡಿಯಲ್ಲಿ ಬ್ರಿಟಿಷರು ಭಾರತೀಯ ಸೈನಿಕರ ಮೇಲೆ ನಡೆಸಿದ ಮಸ್ಟರ್ಡ್ ಗ್ಯಾಸ್ (ಚರ್ಮ ಸುಡುವ ವಿಷಾನಿಲ) ಪ್ರಯೋಗಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ಇಂಥ ಕೆಲಸ ಮಾಡಿದವರು ಕಾಗದಪತ್ರ ಉಳಿಸಿರುತ್ತಾರೆಯೇ? ಉಳಿಸಿದ್ದರೂ ನಮ್ಮಂಥ ಸಾಮಾನ್ಯರ ಕೈಗೆ ಸಿಕ್ಕೀತೇ? ಎಲ್ಲಿಂದ ಶುರು ಮಾಡಬೇಕು? ‘ಆ ಕಾಲಕ್ಕೆ ಅದು ತಪ್ಪಾಗಿರಲಿಲ್ಲ’ ಎನ್ನುವವರಿಗೆ ಏನು ಹೇಳುವುದು? (ಹಾಸನದ ಓದುಗರೊಬ್ಬರು)

ಸಂಪಾದಕರ ಉತ್ತರ:

ಸಿಗುತ್ತದೆ. ಆದರೆ ನೀವು ಹುಡುಕುವ ಹೆಸರಿನಲ್ಲಿ ಸಿಗುವುದಿಲ್ಲ. ‘ಅನೈತಿಕ ಪ್ರಯೋಗ’ ಎಂಬ ಚೀಟಿ ಅಂಟಿಸಿದ ಕಟ್ಟು ಯಾವ ದೇಶದ ದಾಖಲೆಖಾನೆಯಲ್ಲೂ ಇರುವುದಿಲ್ಲ. ಸರ್ಕಾರದ ಯಾವುದೇ ಕೆಲಸ ಒಂದೇ ಮೇಜಿನ ಮೇಲೆ ಮುಗಿಯುವುದಿಲ್ಲ ಎಂಬುದೇ ನಿಮಗಿರುವ ಆಸರೆ. ಅನುಮತಿ ಒಂದು ಕಚೇರಿಯದು, ಹಣ ಬಿಡುಗಡೆ ಇನ್ನೊಂದರದು. ರಾಸಾಯನಿಕ ಬಂದದ್ದು ಉಗ್ರಾಣದ ಪುಸ್ತಕದಲ್ಲಿ, ಗಾಯಗೊಂಡವರು ಸೇರಿದ್ದು ಆಸ್ಪತ್ರೆಯ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ. ಮುಚ್ಚಿಹಾಕಲು ಹೊರಟವರು ಸಾಮಾನ್ಯವಾಗಿ ತಮ್ಮ ಬೀರುವನ್ನಷ್ಟೇ ಖಾಲಿ ಮಾಡುತ್ತಾರೆ. ಪಕ್ಕದ ಕಚೇರಿಗೆ ಹೋದ ಪ್ರತಿಗಳು ಅವರ ನೆನಪಿಗೂ ಬರುವುದಿಲ್ಲ.

ಇದಕ್ಕೆ ಅಮೆರಿಕದ ಸಿಐಎಯ ಎಂಕೆ-ಅಲ್ಟ್ರಾ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಜನರಿಗೆ ಗೊತ್ತಿಲ್ಲದಂತೆ ಭ್ರಮೆ ಹುಟ್ಟಿಸುವ ಮಾದಕ ಎಲ್‌ಎಸ್‌ಡಿ ಕೊಟ್ಟು ನೋಡಿದ ಈ ಯೋಜನೆಯ ಕಡತಗಳನ್ನು ನಿರ್ದೇಶಕ ರಿಚರ್ಡ್ ಹೆಲ್ಮ್ಸ್ 1973ರಲ್ಲಿ ನಾಶಮಾಡಿಸಿದರು. ಎಲ್ಲ ಮುಗಿಯಿತು ಎಂದುಕೊಂಡಿದ್ದಾಗ, 1977ರಲ್ಲಿ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಬಂದ ಅರ್ಜಿಯೊಂದಕ್ಕಾಗಿ ಹುಡುಕುವಾಗ ಹಳೆಯ ದಾಖಲೆಗಳ ಉಗ್ರಾಣದಲ್ಲಿ ಏಳು ಪೆಟ್ಟಿಗೆ ಸಿಕ್ಕವು. ಅವು ಬಜೆಟ್ ಮತ್ತು ಲೆಕ್ಕಪತ್ರ ವಿಭಾಗದವು; ಆದ್ದರಿಂದಲೇ ನಾಶದ ಪಟ್ಟಿಗೆ ಸೇರಿರಲಿಲ್ಲ. ಒಳಗಿದ್ದದ್ದು ಸಾವಿರಾರು ಪುಟ, ಬಹುಪಾಲು ಬಿಲ್ಲು, ರಸೀದಿ, ಹಣ ಮಂಜೂರಾತಿ. ಯಾವ ಸಂಸ್ಥೆಗೆ, ಯಾವ ಕೆಲಸಕ್ಕೆ, ಎಷ್ಟು ಹಣ ಎಂಬ ಆ ಒಣ ಲೆಕ್ಕದಿಂದಲೇ 149 ಉಪಯೋಜನೆಗಳ ಪಟ್ಟಿ ಹೊರಬಂತು. ನಿಮ್ಮ ಹುಡುಕಾಟವನ್ನೂ ಲೆಕ್ಕಪತ್ರದಿಂದಲೇ ಶುರು ಮಾಡಿ ಎಂದು ಹೇಳುವುದಕ್ಕೆ ಇದು ಸಾಕು.

ಎರಡನೆಯ ಜಾಗ, ಕಾನೂನು ಮತ್ತು ಪ್ರಚಾರ ವಿಭಾಗಗಳು. 1945ರಿಂದ 1947ರವರೆಗೆ ಅಮೆರಿಕದಲ್ಲಿ 18 ರೋಗಿಗಳಿಗೆ ವಿಕಿರಣ ಸೂಸುವ ಪ್ಲುಟೋನಿಯಂ ಚುಚ್ಚಲಾಯಿತು. ಅಣುಶಕ್ತಿ ಆಯೋಗದ ಕರ್ನಲ್ ಹೇವುಡ್ 1947ರ ಏಪ್ರಿಲ್ 17ರಂದು ಬರೆದ ಕೆಲವೇ ಸಾಲಿನ ಟಿಪ್ಪಣಿಯೊಂದು ಹೀಗೆ ಹೇಳುತ್ತದೆ: ಮನುಷ್ಯರ ಮೇಲಿನ ಪ್ರಯೋಗದ ಪ್ರಸ್ತಾಪವಿದ್ದು, ಜನಾಭಿಪ್ರಾಯ ಕೆಡಿಸಬಹುದಾದ ಅಥವಾ ದಾವೆಗೆ ದಾರಿಯಾಗಬಹುದಾದ ಯಾವ ದಾಖಲೆಯೂ ಹೊರಹೋಗಬಾರದು, ಅವನ್ನು ‘ರಹಸ್ಯ’ ಎಂದು ವರ್ಗೀಕರಿಸಬೇಕು. ದೇಶದ ಭದ್ರತೆಯ ಮಾತೇ ಅಲ್ಲಿಲ್ಲ. ಆಯೋಗದಲ್ಲಿ ದಾಖಲೆ ಬಿಡುಗಡೆಗೆ ಮೊದಲು ಪ್ರಚಾರ ವಿಭಾಗದವರೂ ವಿಮಾ ಶಾಖೆಯವರೂ ಅದನ್ನು ಓದುತ್ತಿದ್ದರು. ಪ್ರಯೋಗಾಲಯದ ವರದಿಯಲ್ಲಿ ಏನು ಮಾಡಿದರು ಎಂಬುದಷ್ಟೇ ಇರುತ್ತದೆ. ಮಾಡುವಾಗ ಅವರಿಗೆ ಏನೇನು ಗೊತ್ತಿತ್ತು ಎಂಬುದು ವಕೀಲರ ಮತ್ತು ವಿಮೆಯವರ ಕಡತದಲ್ಲಿ ಸಿಗುತ್ತದೆ.

ಮೂರನೆಯದು ವೈದ್ಯರ ಖಾಸಗಿ ಸಂಗ್ರಹ. 1946ರಿಂದ 48ರವರೆಗೆ ಗ್ವಾಟೆಮಾಲಾದಲ್ಲಿ ಕೈದಿಗಳು, ಸೈನಿಕರು, ಮಾನಸಿಕ ಆಸ್ಪತ್ರೆಯ ರೋಗಿಗಳಿಗೆ ಬೇಕೆಂದೇ ಲೈಂಗಿಕ ರೋಗ ಅಂಟಿಸಿದ ಅಮೆರಿಕ ಸರ್ಕಾರದ ಪ್ರಯೋಗ ಬಯಲಾದದ್ದು ಸರ್ಕಾರಿ ಕಟ್ಟಡದಿಂದಲ್ಲ. ಪ್ರಯೋಗ ನಡೆಸಿದ ಡಾ. ಜಾನ್ ಕಟ್ಲರ್ ತಮ್ಮ ಕಾಗದಗಳನ್ನು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದರು. ಬೇರೆ ವಿಷಯ ಹುಡುಕುತ್ತಿದ್ದ ಇತಿಹಾಸಕಾರ್ತಿ ಸೂಸನ್ ರಿವರ್ಬಿ ಅವರಿಗೆ ಅವು ಅಲ್ಲಿ ಕಂಡವು. 2010ರ ಅಕ್ಟೋಬರ್ 1ರಂದು ಅಮೆರಿಕ ಕ್ಷಮೆ ಕೇಳಿತು. ನಿವೃತ್ತ ವೈದ್ಯಾಧಿಕಾರಿಗಳು ಕಡತವನ್ನು ಮನೆಗೊಯ್ಯುವುದು ಎಲ್ಲ ದೇಶದಲ್ಲೂ ಇದ್ದದ್ದೇ. ಅವರ ಕುಟುಂಬ ಯಾವ ಗ್ರಂಥಾಲಯಕ್ಕೆ, ಯಾವ ಕಾಲೇಜಿಗೆ ಪುಸ್ತಕ ದಾನ ಕೊಟ್ಟಿದೆ ಎಂದು ವಿಚಾರಿಸಿ.

ಈಗ ರಾವಲ್ಪಿಂಡಿ. 1930ರ ದಶಕದ ಆರಂಭದಿಂದ ಹತ್ತು ವರ್ಷಕ್ಕೂ ಮೇಲ್ಪಟ್ಟು ಬ್ರಿಟನ್ನಿನ ರಾಸಾಯನಿಕ ಅಸ್ತ್ರ ಸಂಶೋಧನಾ ಕೇಂದ್ರ ಪೋರ್ಟನ್ ಡೌನ್‌ನ ವಿಜ್ಞಾನಿಗಳು ಅಲ್ಲಿ ಸೈನಿಕರನ್ನು ಗ್ಯಾಸ್ ಕೋಣೆಗೆ ಕಳಿಸಿದರು. ಕೆಲವರ ಮೈಮೇಲಿದ್ದದ್ದು ಚಡ್ಡಿ, ಹತ್ತಿ ಅಂಗಿ, ಮುಖಕವಚ ಅಷ್ಟೇ. ಸುಟ್ಟಗಾಯಗಳ ಸಂಖ್ಯೆ ದೊಡ್ಡದು ಎಂದು 1942ರಲ್ಲಿ ಅಲ್ಲಿನ ವಿಜ್ಞಾನಿಗಳೇ ಬರೆದಿದ್ದಾರೆ. ಇದು ಸುದ್ದಿಯಾದದ್ದು 2007ರಲ್ಲಿ, ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಕಡತಗಳಿಂದ. ಪೋರ್ಟನ್ ಕಾಗದಗಳು ಮುಖ್ಯವಾಗಿ ಎರಡು ಸರಣಿಯಲ್ಲಿವೆ: ಡಬ್ಲ್ಯೂಒ 188ರಲ್ಲಿ ಪತ್ರವ್ಯವಹಾರ, ಡಬ್ಲ್ಯೂಒ 189ರಲ್ಲಿ ತಾಂತ್ರಿಕ ವರದಿ. ಅವರ ‘ಡಿಸ್ಕವರಿ’ ಸೂಚಿಯನ್ನು ಮನೆಯಲ್ಲೇ ಕುಳಿತು ನೋಡಬಹುದು. ‘ಎಕ್ಸ್‌ಪೆರಿಮೆಂಟ್ ಆನ್ ಸೋಲ್ಜರ್ಸ್’ ಎಂದು ಹಾಕಿದರೆ ಕೈಗೇನೂ ಹತ್ತುವುದಿಲ್ಲ. ‘ಫಿಸಿಯಲಾಜಿಕಲ್ ಟ್ರಯಲ್ಸ್’, ‘ಅಬ್ಸರ್ವರ್ಸ್’ (ಪ್ರಯೋಗಕ್ಕೆ ಒಳಗಾದವರನ್ನೇ ಹೀಗೆ ಬರೆಯುತ್ತಿದ್ದರು), ‘ರಾವಲ್ಪಿಂಡಿ’, ಮಸ್ಟರ್ಡ್ ಗ್ಯಾಸಿನ ಸಂಕೇತಾಕ್ಷರ ‘ಎಚ್’ ಅಥವಾ ‘ಎಚ್‌ಎಸ್’, ಹೀಗೆ ಅವರ ಕಚೇರಿಯ ಭಾಷೆಯಲ್ಲೇ ಹುಡುಕಬೇಕು. ಕೆಲವು ಸಾಲಿನ ಎದುರು ‘ಇಲಾಖೆಯೇ ಉಳಿಸಿಕೊಂಡಿದೆ, ಸೆಕ್ಷನ್ 3.4’ ಎಂಬ ಅರ್ಥದ ಷರಾ ಕಾಣುತ್ತದೆ. ಅಲ್ಲಿಗೇ ಕೈಬಿಡಬೇಡಿ, ಆ ಸಂಖ್ಯೆ ಹಿಡಿದು ಬ್ರಿಟನ್ನಿನ ರಕ್ಷಣಾ ಸಚಿವಾಲಯಕ್ಕೇ ಮಾಹಿತಿ ಅರ್ಜಿ ಹಾಕಿ. ಅರ್ಜಿದಾರ ಬ್ರಿಟಿಷ್ ಪ್ರಜೆ ಆಗಿರಬೇಕೆಂದಿಲ್ಲ, ಉತ್ತರಕ್ಕೆ 20 ಕೆಲಸದ ದಿನಗಳ ಗಡುವಿದೆ. ಭಾರತದಿಂದ ಹೋದ ಪತ್ರಗಳ ಇನ್ನೊಂದು ಪ್ರತಿಗಾಗಿ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದ ಮಿಲಿಟರಿ ವಿಭಾಗ ನೋಡಬೇಕು.

ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಸೂಚಿ ಬಹುತೇಕ ಪೆಟ್ಟಿಗೆ ಮತ್ತು ಫೋಲ್ಡರ್ ಮಟ್ಟಕ್ಕೇ ನಿಲ್ಲುತ್ತದೆ. ಅಣುಶಕ್ತಿ ಆಯೋಗಕ್ಕೆ ರೆಕಾರ್ಡ್ ಗ್ರೂಪ್ 326, ಸಾರ್ವಜನಿಕ ಆರೋಗ್ಯ ಸೇವೆಗೆ 90, ಸೇನೆಯ ಸರ್ಜನ್ ಜನರಲ್‌ಗೆ 112. ಪೆಟ್ಟಿಗೆಯೊಳಗೆ ಒಮ್ಮೊಮ್ಮೆ ದಾಖಲೆಯ ಬದಲು ‘ವಿತ್‌ಡ್ರಾಯಲ್’ ಹಾಳೆಯೊಂದು ಸಿಗುತ್ತದೆ. ಹೊಸಬರು ಅದನ್ನು ಬಾಗಿಲಿಗೆ ಹಾಕಿದ ಬೀಗ ಎಂದುಕೊಂಡು ಮಗುಚಿಬಿಡುತ್ತಾರೆ. ನಿಧಾನವಾಗಿ ಓದಿ: ತೆಗೆದಿಟ್ಟ ಕಾಗದದ ತಾರೀಕು, ಯಾರಿಂದ ಯಾರಿಗೆ, ಎಷ್ಟು ಪುಟ, ಯಾವ ಕಾರಣಕ್ಕೆ ತೆಗೆದದ್ದು ಎಲ್ಲವೂ ಅದರಲ್ಲಿರುತ್ತದೆ. ಆ ವಿವರಗಳನ್ನೇ ನಕಲು ಮಾಡಿ ಬಿಡುಗಡೆಗೆ ಅರ್ಜಿ ಹಾಕಬಹುದು. ಸ್ವೀಕರಿಸುವವರ ಕಚೇರಿಯ ಕಡತದಲ್ಲಿ ಅದೇ ಪತ್ರದ ಪ್ರತಿಯನ್ನೂ ಹುಡುಕಬಹುದು.

ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯಕ್ಕೆ ಹೋಗುವ ಮುನ್ನ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ನೋಂದಾಯಿಸಿಕೊಂಡು ನೋಡಿ. ಬ್ರಿಟಿಷ್ ಕಾಲದ ವೈದ್ಯಕೀಯ ವಿಷಯ ಗೃಹ ಇಲಾಖೆಯ ಮೆಡಿಕಲ್ ಮತ್ತು ಸ್ಯಾನಿಟರಿ ಶಾಖೆಗಳಲ್ಲಿ, 1923ರ ನಂತರ ಶಿಕ್ಷಣ-ಆರೋಗ್ಯ-ಭೂ ಇಲಾಖೆಯಲ್ಲಿ ಇದೆ. ಮುಖ್ಯವೆನಿಸಿದ ‘ಎ’ ನಡವಳಿ ಮುದ್ರಣವಾಗುತ್ತಿತ್ತು, ಕಡಿಮೆ ಮಹತ್ವದ್ದೆಂದು ‘ಬಿ’ಗೆ ತಳ್ಳಿದ್ದು ಹಾಗೇ ಉಳಿಯುತ್ತಿತ್ತು. ದೂರು, ತಕರಾರು, ಕೆಳಗಿನ ಅಧಿಕಾರಿಯ ಗೊಣಗಾಟ ಸಿಗುವುದು ಈ ‘ಬಿ’ಯಲ್ಲೇ. ಇಲಾಖೆಯ ವಾರ್ಷಿಕ ಇಂಡೆಕ್ಸ್ ಸಂಪುಟಗಳನ್ನು ಮೊದಲು ಓದಿ. ಕಡತ ನಾಶವಾಗಿದ್ದರೂ ಅದರ ಸಂಖ್ಯೆ, ವಿಷಯ, ತಿಂಗಳು ಇಂಡೆಕ್ಸಿನಲ್ಲಿ ಉಳಿದಿರುತ್ತದೆ. ಕಡತ ಬೇಕೆಂದು ಚೀಟಿ ಹಾಕಿದ ಮೇಲೆ ‘ಎನ್‌ಟಿ’ ಎಂದು ವಾಪಸು ಬಂದರೆ, ಇಲಾಖೆ ಅದನ್ನು ಅಭಿಲೇಖಾಲಯಕ್ಕೆ ವರ್ಗಾಯಿಸಿಲ್ಲ ಎಂದು ಅರ್ಥ. ಆಗ ಸಚಿವಾಲಯಕ್ಕೇ ಹೋಗಬೇಕು. ಮೈಸೂರು ಸಂಸ್ಥಾನದ ಕಾಲದ ಕಡತಗಳಿಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ.

ಸ್ವಾತಂತ್ರ್ಯಾನಂತರದ ವಿಷಯಕ್ಕೆ ಮಾಹಿತಿ ಹಕ್ಕು ಕಾಯ್ದೆ ಇದೆ. ಅದರ 8(3)ನೇ ಕಲಮು ಬಹಳ ಜನರಿಗೆ ಗೊತ್ತಿಲ್ಲ. ಅರ್ಜಿಯ ದಿನಕ್ಕೆ 20 ವರ್ಷ ದಾಟಿದ ಘಟನೆಯ ಮಾಹಿತಿಯನ್ನು ಭದ್ರತೆ, ಶಾಸಕಾಂಗದ ಹಕ್ಕುಚ್ಯುತಿ, ಸಂಪುಟದ ಕಾಗದ ಈ ಮೂರು ಕಾರಣ ಬಿಟ್ಟು ಬೇರೆ ವಿನಾಯಿತಿ ಹೇಳಿ ನಿರಾಕರಿಸುವಂತಿಲ್ಲ. ‘ವೈಯಕ್ತಿಕ ಮಾಹಿತಿ’ ಎಂಬ ಸಿದ್ಧ ಉತ್ತರ ಬಂದರೆ ಮೇಲ್ಮನವಿಯಲ್ಲಿ ಈ ಕಲಮನ್ನೇ ಬರೆಯಿರಿ. ಇತ್ತೀಚಿನದಾದರೆ 10ನೇ ಕಲಮಿನಂತೆ ಹೆಸರು ಅಳಿಸಿ ಉಳಿದದ್ದನ್ನು ಕೊಡಿ ಎಂದು ಕೇಳಿ. ರಾಜ್ಯದ ಕಚೇರಿಗೆ ಹಾಕುವ ಅರ್ಜಿ ಒಂದೇ ವಿಷಯದ ಮೇಲೆ, 150 ಪದದ ಒಳಗೆ ಇರಬೇಕು. ‘ಎಲ್ಲ ಪ್ರಯೋಗಗಳ ವಿವರ ಕೊಡಿ’ ಎಂದರೆ ತಿರಸ್ಕಾರ ಖಂಡಿತ. ಇಂಥ ವರ್ಷದ ಇಂಥ ಕಡತದ ಟಿಪ್ಪಣಿ ಹಾಳೆ, ಪತ್ರವ್ಯವಹಾರ ಎರಡನ್ನೂ ಖುದ್ದಾಗಿ ಪರಿಶೀಲಿಸಲು ಅವಕಾಶ ಕೇಳಿ. ಟಿಪ್ಪಣಿ ಹಾಳೆ ಬಿಟ್ಟು ಬರೀ ಆದೇಶದ ನಕಲು ಕೈಗಿಡುವುದು ಮಾಮೂಲು. ಡಿಆರ್‌ಡಿಒದಂಥ ಸಂಸ್ಥೆಗಳು ಕಾಯ್ದೆಯ ಹೊರಗಿದ್ದರೂ ಮಾನವ ಹಕ್ಕು ಉಲ್ಲಂಘನೆಯ ಆರೋಪದ ಮಾಹಿತಿ ಒಳಗೇ ಬರುತ್ತದೆ. ಅದಕ್ಕೆ ಮಾಹಿತಿ ಆಯೋಗದ ಒಪ್ಪಿಗೆ ಬೇಕು, ಅವಧಿ 45 ದಿನ. ಕೇಂದ್ರದ ಕಚೇರಿ ‘ಕಡತ ಲಭ್ಯವಿಲ್ಲ’ ಎಂದರೆ ನಾಶಪಡಿಸಿದ ಪಟ್ಟಿ, ಆದೇಶ ಕೇಳಿ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ಪ್ರಕಾರ ನಿಯಮ ಮೀರಿ ನಾಶಮಾಡಿದರೆ ಐದು ವರ್ಷದವರೆಗೆ ಶಿಕ್ಷೆ ಇದೆ.

ಅರ್ಜಿಗೂ ಮೊದಲು ಸಂಸತ್ತಿನ ಸಮಿತಿಗಳ ವರದಿ ಓದುವುದು ಒಳ್ಳೆಯದು. ಖಮ್ಮಂ ಮತ್ತು ವಡೋದರಾದಲ್ಲಿ 2009-10ರಲ್ಲಿ ಬಾಲಕಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದ ಯೋಜನೆಯ ಬಗ್ಗೆ ಆರೋಗ್ಯ ಸ್ಥಾಯಿ ಸಮಿತಿಯ 72ನೇ ವರದಿ (2013) ನೋಡಿ. ಆಗಿನ ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 1,948ರ ಮೇಲೆ ಹೆಬ್ಬೆಟ್ಟು, 2,763ಕ್ಕೆ ಹಾಸ್ಟೆಲ್ ವಾರ್ಡನ್ನರ ಸಹಿ. ತಂದೆತಾಯಿ ಇರಬೇಕಾದ ಜಾಗದಲ್ಲಿ ವಾರ್ಡನ್! ಯಾರೋ ಕೂತು ಒಂದೊಂದೇ ಹಾಳೆ ಎಣಿಸಿದ್ದರಿಂದ ಈ ಸತ್ಯ ಹೊರಬಿತ್ತು. ಒಪ್ಪಿಗೆ ಪತ್ರಗಳ ಕಟ್ಟು ನಿಮ್ಮ ಕೈಗೆ ಬಂದರೆ ನೀವೂ ಹೀಗೇ ಎಣಿಸಿ: ಸಹಿ ಯಾರದು, ಸಾಕ್ಷಿ ಇದ್ದಾರೆಯೇ, ತಾರೀಕು ಚುಚ್ಚುಮದ್ದಿಗೆ ಮೊದಲಿನದೋ ನಂತರದ್ದೋ, ಒಂದೇ ಕೈಬರಹ ಎಷ್ಟು ಹಾಳೆಯಲ್ಲಿದೆ.

‘ಆ ಕಾಲಕ್ಕೆ ತಪ್ಪಲ್ಲ’ ಎಂಬ ಮಾತಿಗೆ ಇಂದಿನ ನಿಯಮ ತೋರಿಸಿ ವಾದಿಸಬೇಡಿ. ಅದೇ ಕಾಲದ, ಸಾಧ್ಯವಾದರೆ ಅದೇ ಕಚೇರಿಯ ಕಾಗದ ತೋರಿಸಿ. ಹೇವುಡ್ ಟಿಪ್ಪಣಿ ಬರೆದ 1947ರಲ್ಲೇ ಅಣುಶಕ್ತಿ ಆಯೋಗದ ಮುಖ್ಯಾಧಿಕಾರಿ ರೋಗಿಯ ತಿಳಿವಳಿಕೆಯ ಒಪ್ಪಿಗೆ ಬರವಣಿಗೆಯಲ್ಲಿ ಬೇಕೆಂದು ಪತ್ರ ಬರೆದಿದ್ದರು. 1953ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ನ್ಯೂರೆಂಬರ್ಗ್ ಸಂಹಿತೆಯನ್ನೇ (ಮನುಷ್ಯರ ಮೇಲಿನ ಪ್ರಯೋಗಕ್ಕೆ ಅವರ ಸ್ವಇಚ್ಛೆಯ ಒಪ್ಪಿಗೆ ಬೇಕೆಂಬ ನಿಯಮಾವಳಿ) ಸೇನೆಗೆ ಅನ್ವಯಿಸಿ ಆದೇಶ ಹೊರಡಿಸಿದರು. ಆ ಆದೇಶವನ್ನೇ ‘ಪರಮ ರಹಸ್ಯ’ವೆಂದು ಮುಚ್ಚಿಟ್ಟರು, ತೆರೆದದ್ದು 1975ರಲ್ಲಿ. ಗ್ವಾಟೆಮಾಲಾದ ಮಾನಸಿಕ ರೋಗಿಗಳ ವಿಷಯದಲ್ಲಿ ಕಟ್ಲರ್‌ಗೆ ಅವರ ಹಿರಿಯ ಸಹೋದ್ಯೋಗಿಯೇ ಅಳುಕು ತೋಡಿಕೊಂಡು ಬರೆದ 1948ರ ಪತ್ರ ಕಡತದಲ್ಲಿದೆ. ಇಂಥ ಒಂದು ಪತ್ರ ಸಿಕ್ಕರೆ ಆ ವಾದ ಅಲ್ಲಿಗೆ ನಿಲ್ಲುತ್ತದೆ.

ಹೊಸಬರು ಎಡವುವುದು ಹೆಚ್ಚಾಗಿ ಫೋಟೊದಲ್ಲಿ. ಪ್ರತಿ ಕಡತ ಶುರುವಾಗುವಾಗ ರಕ್ಷಾಪುಟದ ಚಿತ್ರ ತೆಗೆಯಿರಿ. ಪುಟದ ಚಿತ್ರದ ಅಂಚಿನಲ್ಲಿ ಕಡತ ಸಂಖ್ಯೆ ಬರೆದ ಚೀಟಿ ಕಾಣುವಂತಿರಲಿ. ಹಿಂಬದಿಯನ್ನೂ ಬಿಡಬೇಡಿ, ಮುದ್ರೆ, ಯಾರಿಗೆ ಪ್ರತಿ ಹೋಯಿತು ಎಂಬ ಷರಾ ಅಲ್ಲಿರುತ್ತದೆ. ಸಂಖ್ಯೆ ಇಲ್ಲದ ಪುಟಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ಪ್ರಸ್ತಾವನೆ ಸಿಕ್ಕಿದ ಮಾತ್ರಕ್ಕೆ ಪ್ರಯೋಗ ನಡೆಯಿತೆಂದು ಬರೆಯುವುದು ಇನ್ನೊಂದು ತಪ್ಪು. ಪ್ರಸ್ತಾವನೆ, ಮಂಜೂರಾತಿ, ಖರ್ಚು, ಫಲಿತಾಂಶ ನಾಲ್ಕೂ ಒಂದಕ್ಕೊಂದು ಕೂಡಬೇಕು.

ಕೊನೆಗೆ ಹೆಸರಿನ ವಿಷಯ. ಪ್ಲುಟೋನಿಯಂ ಚುಚ್ಚಿಸಿಕೊಂಡವರು ಕಡತದಲ್ಲಿ ಬರೀ ಸಂಕೇತ. ‘ಕ್ಯಾಲ್-3’ ಎಂಬ ರೋಗಿಯ ಬಗ್ಗೆ ಇಟಲಿ ಎಂಬ ಊರಿನ ವೈದ್ಯರಿಗೆ ಬರೆಯಬೇಕೆಂಬ ಉಲ್ಲೇಖ ಒಂದೆಡೆ ಅಳಿಸದೆ ಉಳಿದಿತ್ತು. ಅದು ಟೆಕ್ಸಾಸಿನ ಸಣ್ಣ ಊರು; ಆ ಜಾಡು ಹಿಡಿದು ಪತ್ರಕರ್ತೆ ಐಲೀನ್ ವೆಲ್ಸಮ್ ಆ ಮನೆ ತಲುಪಿದರು. ಆತ ಎಲ್ಮರ್ ಅಲೆನ್, ರೈಲ್ವೆ ಪೋರ್ಟರ್. 1947ರ ಜುಲೈನಲ್ಲಿ ಎಡಗಾಲಿಗೆ ಚುಚ್ಚಿ, ಮೂರು ದಿನದ ನಂತರ ಕಾಲು ಕತ್ತರಿಸಿದ್ದರು. ವೆಲ್ಸಮ್ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ನಿಮಗೂ ಹೀಗೆ ಒಂದು ವಿಳಾಸ ಸಿಕ್ಕರೆ, ಅಚ್ಚಿಗೆ ಕೊಡುವ ಮೊದಲು ಆ ಮನೆಯವರಿಗೆ ತಿಳಿಸಿ. ಅವರು ಬೇಡವೆಂದರೆ ಹೆಸರು ಬರೆಯಬೇಡಿ. ಕಡತ ಸಂಖ್ಯೆ, ಪುಟ, ನಕಲು ಕೊಡುವ ಕಚೇರಿಯ ವಿಳಾಸ ಬರೆದ ಹಾಳೆಯೊಂದನ್ನು ಅವರ ಕೈಗೆ ಕೊಟ್ಟು ಬನ್ನಿ. ಪರಿಹಾರ ಕೇಳುವುದಾದರೆ ವಕೀಲರು ಮೊದಲು ಕೇಳುವುದು ಅದನ್ನೇ.