ಪುನುಗು ಬೆಕ್ಕಿನ ಲೇಖನವನ್ನು ಏಕೆ ಹಿಂದಿರುಗಿಸುತ್ತಿದ್ದೇನೆ

ಆತ್ಮೀಯರೇ,

ನೀವು ಕಳಿಸಿದ ‘ಕತ್ತಲ ಕಾಡಿನ ಪುನುಗು ಬೆಕ್ಕು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ಕೈಬಿಡಲೂ ಮನಸ್ಸಿಲ್ಲ. ಆರನೆಯ ಪುಟದಲ್ಲಿ ನೀವು ಕಣ್ಣಾರೆ ಕಂಡದ್ದನ್ನು ಬರೆದಿದ್ದೀರಿ; ಆ ಒಂದು ಪುಟಕ್ಕಾಗಿಯೇ ಇಷ್ಟು ದೀರ್ಘವಾಗಿ ಉತ್ತರಿಸುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ನಿಮ್ಮ ‘ಪುನುಗು ಬೆಕ್ಕು’ ಮೊದಲ ಪುಟದಲ್ಲಿ ಬಿಲ ತೋಡುತ್ತದೆ, ಎರಡನೆಯ ಪುಟದಲ್ಲಿ ಮರದ ನೆತ್ತಿಯಲ್ಲಿ ಕುಳಿತು ಹಣ್ಣು ತಿನ್ನುತ್ತದೆ, ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಅಳಿವಿನಂಚಿಗೆ ತಲುಪಿರುತ್ತದೆ. ಇದು ಒಂದು ಪ್ರಾಣಿಯ ಕಥೆಯಲ್ಲ, ಮೂರು ಪ್ರಾಣಿಗಳದ್ದು. ಬಿಲ ತೋಡುವುದು ನಿಜವಾದ ಪುನುಗು ಬೆಕ್ಕು. ನೆಲದ ಮೇಲೆಯೇ ಹೆಚ್ಚು ಓಡಾಡುವ ಇದಕ್ಕೆ ಹುಲ್ಲುಗಾವಲು, ಕುರುಚಲು, ಹೊಲದಂಚಿನ ಪೊದೆ ಸಾಕು. ತಿರುಪತಿಯಲ್ಲಿ ಶುಕ್ರವಾರದ ಅಭಿಷೇಕದ ನಂತರ ಮೂಲವಿಗ್ರಹಕ್ಕೆ ಲೇಪಿಸುವ ಪುನುಗು ಎಂಬ ಸುಗಂಧದ್ರವ್ಯ ಇದರ ಗ್ರಂಥಿಯಿಂದ ಬರುವುದು. ಮರದ ಮೇಲಿನದು ಕಬ್ಬೆಕ್ಕು. ಹಳ್ಳಿಯ ಅಟ್ಟ, ಅಡಿಕೆ ತೋಟ, ಕಾಫಿ ತೋಟ, ಪೇಟೆಯ ಹಳೆಯ ಹೆಂಚಿನ ಮನೆ, ಎಲ್ಲಿ ಬೇಕಾದರೂ ಹೊಂದಿಕೊಂಡು ಬಾಳುತ್ತದೆ. ಇವುಗಳನ್ನು ಒಂದೇ ಹೆಸರಿನಡಿ ತಂದಕೂಡಲೇ ‘ಆವಾಸ’ ಎಂಬ ನಿಮ್ಮ ಅಧ್ಯಾಯಕ್ಕೆ ಅರ್ಥವೇ ಉಳಿಯುವುದಿಲ್ಲ. ಯಾವ ಪ್ರಾಣಿ ಎಂದು ಗೊತ್ತಿಲ್ಲದೆ ಅದು ಎಲ್ಲಿರುತ್ತದೆ ಎಂದು ಹೇಳುವುದು ಹೇಗೆ?

ನೀವು ಲಗತ್ತಿಸಿದ ಚಿತ್ರವನ್ನೇ ಇನ್ನೊಮ್ಮೆ ನೋಡಿ. ಬಾಲದಲ್ಲಿ ಉಂಗುರಗಳಿವೆಯೇ? ಇಲ್ಲ, ಬಾಲ ಪೂರ್ತಿ ಕಪ್ಪಗಿದೆ. ಮುಖಕ್ಕೆ ಮಸಿ ಬಳಿದ ಮುಖವಾಡದಂತಹ ಪಟ್ಟಿ ಇದೆ. ಅದು ಕಬ್ಬೆಕ್ಕು. ಪುನುಗು ಬೆಕ್ಕಾಗಿದ್ದರೆ ಬಾಲಕ್ಕೆ ಕಪ್ಪು ಬಿಳುಪಿನ ಬಳೆ ತೊಡಿಸಿದಂತಿರುತ್ತಿತ್ತು, ಬೆನ್ನ ಮೇಲೆ ಉದ್ದುದ್ದ ಗೆರೆಗಳಿರುತ್ತಿದ್ದವು. ಚಿತ್ರ ನೀವೇ ತೆಗೆದದ್ದು ಎಂದಿದ್ದೀರಿ. ಪ್ರಾಣಿ ಅಷ್ಟು ಹತ್ತಿರ ಬಂದಿದ್ದಾಗಲೂ ನಿಮ್ಮ ಕಣ್ಣು ಓದಿದ ಪುಸ್ತಕದಲ್ಲೇ ಇತ್ತು ಎಂಬುದು ನನಗೆ ಬೇಸರ ತಂದಿತು.

ಇನ್ನು ಮೂರನೆಯದು, ಅಳಿವಿನಂಚಿನ ಮಲಬಾರ್ ಪುನುಗು ಬೆಕ್ಕು. ‘ಪಶ್ಚಿಮ ಘಟ್ಟದ ದಟ್ಟ ಮಳೆಕಾಡಿನಲ್ಲಿ ವಾಸಿಸುತ್ತದೆ’ ಎಂದು ಬರೆದಿದ್ದೀರಿ. ಈ ವಾಕ್ಯದಲ್ಲಿ ಜಾಗವೂ ತಪ್ಪು, ಕಾಲವೂ ತಪ್ಪು. ಹಳೆಯ ದಾಖಲೆಗಳು ಹೇಳುವುದು ಘಟ್ಟದ ಕೆಳಗಿನ ಕರಾವಳಿ ಬಯಲನ್ನು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜೆರ್ಡನ್ ಅದರ ನೆಲೆಯನ್ನು ನಮ್ಮ ಹೊನ್ನಾವರದವರೆಗೂ ಗುರುತಿಸಿದ್ದರು. ಆಮೇಲೆ ದೊಡ್ಡ ಮೌನ. 1987ರಲ್ಲಿ ಕೇರಳದ ನಿಲಂಬೂರಿನ ಬಳಿ ಚರ್ಮವೊಂದು ಸಿಕ್ಕಿತು, 1990ರಲ್ಲಿ ಅದೇ ಸೀಮೆಯಲ್ಲಿ ಇನ್ನೆರಡು. ಅದು ಗೋಡಂಬಿ, ರಬ್ಬರ್ ತೋಟಗಳ ಸೀಮೆ. ಕಳೆ ಕೀಳದೆ ಬಿಟ್ಟ ಗೋಡಂಬಿ ತೋಪುಗಳ ಪೊದೆಗಳಲ್ಲಿ ಅದು ಉಳಿದಿರಬಹುದೆಂದು ಸಂಶೋಧಕರು ಊಹಿಸಿದರು. ಅದು ಪ್ರತ್ಯೇಕ ಪ್ರಭೇದವೇ, ಪುನುಗಿನ ವ್ಯಾಪಾರಕ್ಕಾಗಿ ಹೊರಗಿನಿಂದ ತಂದ ಪ್ರಾಣಿಯ ಪೀಳಿಗೆಯೇ ಎಂಬ ಚರ್ಚೆಯೂ ಇದೆ. ಇಷ್ಟು ಕಥೆಯಿರುವ ಪ್ರಾಣಿಯನ್ನು ‘ವಾಸಿಸುತ್ತದೆ’ ಎಂಬ ಒಂದೇ ಕ್ರಿಯಾಪದದಲ್ಲಿ ಮುಗಿಸಿಬಿಟ್ಟಿದ್ದೀರಿ. ಹೊನ್ನಾವರದ ಓದುಗರೊಬ್ಬರು ಆ ವಾಕ್ಯ ಓದಿ, ನಾಳೆ ತಮ್ಮ ಗುಡ್ಡದಲ್ಲಿ ಅದನ್ನು ಹುಡುಕಿಕೊಂಡು ಹೊರಟರೆ ಹೊಣೆ ನಿಮ್ಮದೂ ನನ್ನದೂ ಆಗುತ್ತದೆ.

ಮಳೆಕಾಡು ನಿಜವಾಗಿ ಬೇಕಿರುವುದು ನೀವು ಒಂದು ಸಾಲನ್ನೂ ಕೊಡದ ಕಂದು ಕಬ್ಬೆಕ್ಕಿಗೆ. ಜಗತ್ತಿನಲ್ಲಿ ಪಶ್ಚಿಮ ಘಟ್ಟವನ್ನು ಬಿಟ್ಟರೆ ಅದು ಇನ್ನೆಲ್ಲೂ ಇಲ್ಲ. ಹಗಲು ಹೊತ್ತು ಮರದ ಪೊಟರೆಯಲ್ಲೋ, ಬಳ್ಳಿಗಳ ಸಿಕ್ಕಿನಲ್ಲೋ, ಕೆಂಜಳಿಲು ಎಂಬ ದೊಡ್ಡ ಅಳಿಲು ಕಟ್ಟಿದ ಗೂಡಿನಲ್ಲೋ ಮಲಗುತ್ತದೆ. ಪೊಟರೆಯಿರುವ ಮುದಿ ಮರ ಕಡಿದರೆ ಅದಕ್ಕೆ ಮಲಗುವ ಜಾಗ ಹೋಯಿತು. ‘ಆವಾಸ ನಾಶ’ ಎಂದು ನಾಲ್ಕು ಕಡೆ ಬರೆದಿದ್ದೀರಲ್ಲ, ಅದರ ಬದಲು ಈ ಮರವನ್ನು ತೋರಿಸಿ.

ಬಿಂಟುರಾಂಗ್, ಆಫ್ರಿಕದ ಪುನುಗು ಬೆಕ್ಕು, ಬೋರ್ನಿಯೋದ ನೀರಿನಂಚಿನ ಪ್ರಭೇದ ಇವೆಲ್ಲ ಇರುವ ನಾಲ್ಕು ಮತ್ತು ಐದನೆಯ ಪುಟಗಳನ್ನು ತೆಗೆದುಹಾಕಿ. ಕಬ್ಬೆಕ್ಕಿನ ಹಿಕ್ಕೆಯಿಂದ ಆರಿಸಿದ ಬೀಜದಿಂದ ಮಾಡುವ ಇಂಡೋನೇಷ್ಯಾದ ದುಬಾರಿ ಕಾಫಿಯ ಪ್ಯಾರಾ ಇರಲಿ, ಆದರೆ ಅದಕ್ಕಾಗಿ ಕಬ್ಬೆಕ್ಕುಗಳನ್ನು ಪಂಜರದಲ್ಲಿಟ್ಟು ಕಾಫಿ ಹಣ್ಣು ತಿನ್ನಿಸುವುದನ್ನು ‘ಸ್ವಾರಸ್ಯಕರ’ ಎಂದು ಮಾತ್ರ ಕರೆಯಬೇಡಿ. ರಾತ್ರಿಯೆಲ್ಲ ಮರದಿಂದ ಮರಕ್ಕೆ ಅಲೆದು ಹಣ್ಣು ಆರಿಸಿ ತಿನ್ನುವ ಜೀವ ಅದು.

ಈಗ ಆರನೆಯ ಪುಟ. ನಿಮ್ಮ ಅಜ್ಜನ ತೋಟದ ಪಾಗಾರದ ಮೇಲೆ, ಒಂದೇ ಚಪ್ಪಟೆ ಕಲ್ಲಿನಲ್ಲಿ, ದಿನವೂ ಬೆಳಿಗ್ಗೆ ಹಿಕ್ಕೆ ಬಿದ್ದಿರುತ್ತಿತ್ತು. ಅದರ ತುಂಬ ಬೈನೆ ಎಂಬ ತಾಳೆ ಜಾತಿಯ ಮರದ ಬೀಜ, ಒಂದೂ ಒಡೆದಿರಲಿಲ್ಲ. ನೀವು ಚಿಕ್ಕವರಿದ್ದಾಗ ಬೈನೆ ಹಣ್ಣನ್ನು ಕೈಯಲ್ಲಿ ಹಿಸುಕಿ, ತುರಿಕೆ ತಾಳಲಾರದೆ ಅಜ್ಜಿಯ ಬಳಿ ಓಡಿದ್ದಿರಿ. ಆ ಹಣ್ಣನ್ನೇ ಕಬ್ಬೆಕ್ಕು ತಿಂದು ಅರಗಿಸಿಕೊಳ್ಳುತ್ತದೆ ಎಂದು ಅಂದು ಬೆರಗಾಗಿದ್ದಿರಿ. ಪಾಗಾರದ ಬುಡದಲ್ಲಿ ಎರಡು ಬೈನೆ ಸಸಿ ಎದ್ದಿದ್ದವು ಎಂಬ ಸಾಲಿನ ಹತ್ತಿರ ನಾನು ಪೆನ್ಸಿಲಿನಿಂದ ಗೆರೆ ಎಳೆದೆ. ನಿಮ್ಮ ಲೇಖನ ಶುರುವಾಗಬೇಕಾದ ಜಾಗ ಅದು.

ಆ ಪಾಗಾರದಿಂದಲೇ ಮತ್ತೆ ಬರೆಯಿರಿ. ಅಜ್ಜನ ಅಟ್ಟದ ಮೇಲಿನ ಓಡಾಟ, ಬೈನೆ ಮರ ಈಗಲೂ ಇದೆಯೇ, ಪಕ್ಕದ ಗುಡ್ಡದಲ್ಲಿ ಬೇರೆ ಯಾವುದರ ಹೆಜ್ಜೆ ಕಾಣುತ್ತದೆ, ಅಷ್ಟು ಸಾಕು. ಊರಿಗೆ ಹೋದಾಗ ಆ ಕಲ್ಲಿನ ಮೇಲೆ ಈಗ ಯಾವ ಬೀಜ ಬೀಳುತ್ತಿದೆ ಎಂದು ನೋಡಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು ಲೇಖನದ ಜೊತೆಗೆ ಕಳಿಸಿ.

ಇಂತಿ,
ಸಂಪಾದಕ