ಆಫ್‌ಶೋರ್ ಹೆಲಿಕಾಪ್ಟರ್ ಪೈಲಟ್: ಯಾವ ಕಂಪನಿ ಸೇರಲಿ?

ಪ್ರಶ್ನೆ: ನಾನು ಕಡಲಿನ ತೈಲ ರಿಗ್‌ಗಳಿಗೆ ಹಾರುವ ಎಡಬ್ಲ್ಯು139 ಹೆಲಿಕಾಪ್ಟರಿನಲ್ಲಿ ಕೋ-ಪೈಲಟ್. ಹೊರದೇಶದ ಎರಡು ಕಂಪನಿಗಳಿಂದ ಆಫರ್ ಬಂದಿದೆ. ಒಂದರಲ್ಲಿ 28 ದಿನ ಕೆಲಸ, 28 ದಿನ ರಜೆ. ಇನ್ನೊಂದರಲ್ಲಿ ಆರು ವಾರ ಕೆಲಸ, ಮೂರು ವಾರ ರಜೆ. ಆದರೆ ಇದರಲ್ಲಿ ತಿಂಗಳ ಸಂಬಳ ಶೇ 20ರಷ್ಟು ಹೆಚ್ಚು. ಎರಡನೆಯದೇ ಲಾಭವಲ್ಲವೇ?

ಉತ್ತರ: ಲೆಕ್ಕ ಹಾಕಿದರೆ ಅಲ್ಲ. ತಿಂಗಳ ಸಂಬಳ ಬದಿಗಿಟ್ಟು, ಮನೆ ಬಿಟ್ಟಿರುವ ಒಂದು ದಿನಕ್ಕೆ ಎಷ್ಟು ಬೀಳುತ್ತದೆ ನೋಡಿ. ಮೊದಲ ಕಂಪನಿ ತಿಂಗಳಿಗೆ 100 ಕೊಡುತ್ತದೆ ಎಂದುಕೊಳ್ಳಿ. ವರ್ಷಕ್ಕೆ 1200, ಕೆಲಸದ ದಿನ ಸುಮಾರು 182, ದಿನಕ್ಕೆ 6.6 ಆಯಿತು. ಎರಡನೆಯದು 120, ವರ್ಷಕ್ಕೆ 1440. ಆದರೆ ಒಂಬತ್ತು ವಾರದಲ್ಲಿ ಆರು ವಾರ ದುಡಿದರೆ ವರ್ಷಕ್ಕೆ 243 ದಿನವಾಗುತ್ತದೆ, ದಿನಕ್ಕೆ 5.9. ಇನ್ನೂ ಖಾರವಾಗಿ ಹೇಳಬೇಕೆಂದರೆ, ಹೆಚ್ಚುವರಿ 61 ದಿನಕ್ಕೆ ಅವರು ಕೊಡುತ್ತಿರುವುದು 240, ಅಂದರೆ ದಿನಕ್ಕೆ 4ಕ್ಕಿಂತ ಕಡಿಮೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಪ್ರಯಾಣದ ದಿನ ಯಾರ ಲೆಕ್ಕಕ್ಕೆ ಎಂದು ಕೇಳಿ. 28/28ರಲ್ಲಿ ವರ್ಷಕ್ಕೆ ಆರೂವರೆ ಸುತ್ತು. ಹೋಗುವ ಒಂದು ದಿನ, ಬರುವ ಒಂದು ದಿನ ನಿಮ್ಮ ರಜೆಯಲ್ಲೇ ಕಳೆದರೆ 13 ದಿನ ಹೋಯಿತು. ಆರು ತಿಂಗಳಿಗೊಮ್ಮೆ ಬರುವ ಸಿಮ್ಯುಲೇಟರ್ ಚೆಕ್, ಮೆಡಿಕಲ್, ನೀರಲ್ಲಿ ಮಗುಚಿದ ಹೆಲಿಕಾಪ್ಟರಿನಿಂದ ಹೊರಬರುವ ತರಬೇತಿ, ಇವೂ ರಜೆಯಲ್ಲೇ ಮುಗಿಸಬೇಕಾದರೆ ಆ ದಿನಗಳಿಗೆ ಹಣವುಂಟೇ? ಬದಲಿ ಪೈಲಟ್ ಬರದೆ ನೀವು ಬೇಸ್‌ನಲ್ಲೇ ಉಳಿಯಬೇಕಾದಾಗ ದಿನಕ್ಕೆಷ್ಟು? ಇವು ಒಪ್ಪಂದಪತ್ರದಲ್ಲೇ ಇರಬೇಕು. "ಇಲ್ಲಿ ಹಾಗೇ ನಡೆದುಕೊಂಡು ಬಂದಿದೆ" ಎಂಬ ಮಾತಿಗೆ ಬೇಸ್ ಮ್ಯಾನೇಜರ್ ಬದಲಾದ ದಿನವೇ ಬೆಲೆ ಇರುವುದಿಲ್ಲ.

ತೆರಿಗೆಯನ್ನೂ ಈಗಲೇ ನೋಡಿಕೊಳ್ಳಿ. ಅನೇಕ ದೇಶಗಳ ಕಾನೂನಿನಲ್ಲಿ, ತೆರಿಗೆ ಒಪ್ಪಂದಗಳಲ್ಲಿ 183 ದಿನ ಎಂಬ ಗೆರೆ ಇದೆ. ನಿಮ್ಮ 28/28 ಆ ಗೆರೆಯ ಅಂಚಿನಲ್ಲೇ ಕೂತಿದೆ. ಎರಡು ಬಾರಿ ಬದಲಿ ತಡವಾದರೆ ದಾಟಿಬಿಡುತ್ತೀರಿ. ಆರು-ಮೂರರಲ್ಲಿ ದಾಟುವುದು ಖಚಿತ. ಆಫರ್‌ನಲ್ಲಿರುವ ಮೊತ್ತ ತೆರಿಗೆ ಕಳೆದದ್ದೋ, ಕಳೆಯುವ ಮುಂಚಿನದೋ ಎಂದು ಬರಹದಲ್ಲಿ ಪಡೆಯಿರಿ.

ಪ್ರಶ್ನೆ: ಏಜೆನ್ಸಿಯೊಂದು ದಿನಗೂಲಿ ಲೆಕ್ಕದಲ್ಲಿ ಕರೆಯುತ್ತಿದೆ. ಕಂಪನಿಯ ನೇರ ನೌಕರಿಗಿಂತ ದಿನದ ದರ ಬಹಳ ಚೆನ್ನಾಗಿದೆ.

ಉತ್ತರ: ದರ ಚೆನ್ನಾಗಿರುವುದಕ್ಕೆ ಕಾರಣವಿದೆ: ರಜೆ, ಕಾಯಿಲೆ, ಪಿಂಚಣಿ, ಲೈಸೆನ್ಸ್ ನಷ್ಟದ ವಿಮೆ ಎಲ್ಲವೂ ನಿಮ್ಮ ಜೇಬಿನಿಂದ. ಮೆಡಿಕಲ್‌ನಲ್ಲಿ ಫೇಲಾದರೆ ನೇರ ನೌಕರನಿಗೆ ಕೆಲವು ತಿಂಗಳ ಸಂಬಳವಾದರೂ ಸಿಗುವ ಸಾಧ್ಯತೆಯಿದೆ, ನಿಮಗೆ ಮರುದಿನದಿಂದಲೇ ಶೂನ್ಯ. ಒಪ್ಪುವುದಾದರೆ ಮೂರು ಸಾಲು ಹುಡುಕಿ. ತಿಂಗಳಿಗೆ ಕನಿಷ್ಠ ಎಷ್ಟು ದಿನದ ಹಣ ಖಾತರಿ? ಹೆಲಿಕಾಪ್ಟರ್ ರಿಪೇರಿಗೆ ನಿಂತ ದಿನ ಹಣವುಂಟೇ? ನೋಟಿಸ್ ಅವಧಿ ಇಬ್ಬರಿಗೂ ಒಂದೇ ಇದೆಯೇ? ನೀವು 90 ದಿನ ಕೊಡಬೇಕು, ಅವರು 7 ದಿನದಲ್ಲಿ ಕಳಿಸಬಹುದು ಎಂದಿದ್ದರೆ ಅಂಥ ಒಪ್ಪಂದಕ್ಕೆ ಸಹಿ ಬೇಡ.

ಪ್ರಶ್ನೆ: ಒಂದು ಕಂಪನಿ ಎಸ್-92 ಟೈಪ್ ರೇಟಿಂಗ್ (ಆ ಮಾದರಿ ಹಾರಿಸುವ ಅರ್ಹತೆ) ತಾನೇ ಮಾಡಿಸಿ ಎರಡು ವರ್ಷದ ಬಾಂಡ್ (ಅದಕ್ಕೆ ಮುಂಚೆ ಬಿಟ್ಟರೆ ತರಬೇತಿಯ ಖರ್ಚು ತೆರಬೇಕು) ಕೇಳುತ್ತಿದೆ. ಇನ್ನೊಂದರಲ್ಲಿ ನನಗೆ ಈಗಾಗಲೇ ಇರುವ ಎಡಬ್ಲ್ಯು139. ದೊಡ್ಡ ಹೆಲಿಕಾಪ್ಟರ್ ಕಡೆ ಹೋಗಲೇ?

ಉತ್ತರ: ಬಾಂಡ್ ಎಂದ ಕೂಡಲೇ ಹೆದರಬೇಕಿಲ್ಲ, ಅದರ ಲೆಕ್ಕ ಓದಬೇಕು. ಬಾಂಡ್‌ನ ಮೊತ್ತ ತಿಂಗಳು ತಿಂಗಳಿಗೆ 24ರಲ್ಲಿ ಒಂದು ಪಾಲು ಕರಗುತ್ತಿದ್ದರೆ, 18ನೇ ತಿಂಗಳಲ್ಲಿ ಬಿಟ್ಟಾಗ ಉಳಿಯುವುದು ಕಾಲುಭಾಗ. ಕರಗದ ಬಾಂಡ್ ಆದರೆ 23ನೇ ತಿಂಗಳಲ್ಲೂ ಪೂರ್ತಿ ತೆರಬೇಕು. ಎರಡು ವರ್ಷ ಯಾವತ್ತಿನಿಂದ ಶುರು ಎಂಬುದೂ ಮುಖ್ಯ. ಲೈನ್ ಚೆಕ್ (ನಿಜವಾದ ಹಾರಾಟದಲ್ಲಿ ನಡೆಯುವ ಕೊನೆಯ ಪರೀಕ್ಷೆ) ಮುಗಿದ ದಿನದಿಂದ ಎಂದಿದ್ದು, ಸಿಮ್ಯುಲೇಟರ್ ಸ್ಲಾಟ್‌ಗೆ ನಾಲ್ಕು ತಿಂಗಳು ಕಾದರೆ, ಆ ನಾಲ್ಕು ತಿಂಗಳು ಎಣಿಕೆಗೇ ಬರುವುದಿಲ್ಲ. ಕಂಪನಿಯೇ ನಿಮ್ಮನ್ನು ತೆಗೆದರೆ ಅಥವಾ ಬೇಸ್ ಮುಚ್ಚಿದರೆ ಬಾಂಡ್ ರದ್ದು ಎಂಬ ವಾಕ್ಯ ಇರಲೇಬೇಕು.

ಹೆಲಿಕಾಪ್ಟರ್ ವಿಷಯ: ಎಸ್-92 ಹತ್ತೊಂಬತ್ತು ಪ್ರಯಾಣಿಕರನ್ನು ದೂರದ ರಿಗ್‌ಗೆ ಒಯ್ಯುವ ಯಂತ್ರ. ಅದರ ಗಂಟೆಗಳಿಗೆ ಒಳ್ಳೆಯ ಬೆಲೆ ಇದೆ, ಆದರೆ ಬಿಡಿಭಾಗಗಳ ಕೊರತೆ, ಅದರಲ್ಲೂ ಮುಖ್ಯ ಗೇರ್‌ಬಾಕ್ಸ್‌ನದು, ಈಚಿನ ವರ್ಷಗಳಲ್ಲಿ ಕಂಪನಿಗಳನ್ನು ಚೆನ್ನಾಗಿಯೇ ಕಾಡಿದೆ. ಎಡಬ್ಲ್ಯು139 ತೈಲ ಕೆಲಸದ ಜೊತೆಗೆ ಸರ್ಚ್ ಅಂಡ್ ರೆಸ್ಕ್ಯೂ, ಏರ್ ಆಂಬ್ಯುಲೆನ್ಸ್, ವಿಐಪಿ ಹಾರಾಟಗಳಲ್ಲೂ ಇದೆ. ಹಾಗಾಗಿ ಒಂದು ಕಡೆ ಕೆಲಸ ಹೋದರೂ ಇನ್ನೊಂದು ಕಡೆ ಕೇಳುತ್ತಾರೆ.

ಒಂದೇ ಟೈಪ್ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಎಚ್225 ಹೆಲಿಕಾಪ್ಟರ್ ಸಾಕ್ಷಿ. 2016ರ ಏಪ್ರಿಲ್ 29ರಂದು ನಾರ್ವೆಯ ಟೂರೊಯ್ ಬಳಿ ಅದರ ಮುಖ್ಯ ರೋಟರ್ ಕಿತ್ತುಹೋಗಿ 13 ಜನ ಸತ್ತರು. ಗೇರ್‌ಬಾಕ್ಸ್‌ನ ಪ್ಲಾನೆಟ್ ಗೇರ್ ಒಂದರಲ್ಲಿ ಬಿರುಕು ಬೆಳೆದಿತ್ತು. ಯುರೋಪಿನ ಸುರಕ್ಷತಾ ಸಂಸ್ಥೆ ಈಎಎಸ್‌ಎ ಅಪಘಾತದ ನಂತರ ಹೇರಿದ್ದ ಹಾರಾಟ ನಿಷೇಧವನ್ನು ಅದೇ ವರ್ಷ ಅಕ್ಟೋಬರಿನಲ್ಲಿ ತೆಗೆಯಿತು, ಬ್ರಿಟನ್ ಮತ್ತು ನಾರ್ವೆ 2017ರಲ್ಲಿ ತೆಗೆದವು. ಆದರೂ ಉತ್ತರ ಸಮುದ್ರದ ತೈಲ ಕಂಪನಿಗಳಿಗಾಗಲಿ ರಿಗ್ ಕಾರ್ಮಿಕರಿಗಾಗಲಿ ಅದು ಬೇಡವಾಯಿತು. ಕಾನೂನು ಹಾರಬಹುದು ಎಂದರೂ ಗ್ರಾಹಕ ಒಲ್ಲೆ ಎಂದರೆ ಆ ರೇಟಿಂಗ್ ಕಾಗದವಾಗಿ ಉಳಿಯುತ್ತದೆ. ನಿಮ್ಮ 139 ರೇಟಿಂಗನ್ನು ಚಾಲ್ತಿಯಲ್ಲಿ ಇಟ್ಟುಕೊಳ್ಳಲು ಅವಕಾಶ ಕೊಡುವುದಾದರೆ ಎಸ್-92 ಒಪ್ಪಿಕೊಳ್ಳಿ.

ಪ್ರಶ್ನೆ: ಸೇರುವ ಮೊದಲೇ ಕಂಪನಿಯ ಸುರಕ್ಷತೆ ಹೇಗಿದೆ ಎಂದು ತಿಳಿಯುವುದು ಹೇಗೆ? ಸಂದರ್ಶನದಲ್ಲಿ ಎಲ್ಲರೂ "ಸುರಕ್ಷತೆಯೇ ಮೊದಲು" ಎನ್ನುತ್ತಾರೆ.

ಉತ್ತರ: ಆ ವಾಕ್ಯವನ್ನು ಹೇಳದ ಕಂಪನಿ ಇಲ್ಲ, ಆದ್ದರಿಂದ ಅದರಿಂದ ಏನೂ ತಿಳಿಯುವುದಿಲ್ಲ. ಸುಳ್ಳು ಹೇಳಲು ಕಷ್ಟವಾಗುವಂಥ ಪ್ರಶ್ನೆ ಕೇಳಿ.

ಮೊದಲನೆಯದು ಹಮ್ಸ್ ಬಗ್ಗೆ. ಗೇರ್‌ಬಾಕ್ಸ್, ಬೇರಿಂಗ್, ಶಾಫ್ಟ್‌ಗಳ ಕಂಪನವನ್ನು ಅಳೆದು ದಾಖಲಿಸುವ ಈ ವ್ಯವಸ್ಥೆ ಎಲ್ಲರ ಬಳಿಯೂ ಇದೆ ಎಂದೇ ಹೇಳುತ್ತಾರೆ. ನೀವು ಕೇಳಬೇಕಾದ್ದು: ಡೇಟಾ ಇಳಿಸುವುದು ದಿನಕ್ಕೆ ಎಷ್ಟು ಸಲ, ಅದನ್ನು ಮರುದಿನದ ಮೊದಲ ಹಾರಾಟಕ್ಕೆ ಮುಂಚೆ ನೋಡುವವರು ಯಾರು, ವ್ಯವಸ್ಥೆ ಕೆಟ್ಟರೆ ಎಷ್ಟು ಗಂಟೆ ಹಾರಲು ಬಿಡುತ್ತೀರಿ? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಅಲ್ಲಿ ಅದು ನಿಜವಾಗಿ ಬಳಕೆಯಲ್ಲಿದೆ. ಹಾಗೆಂದು ಹಮ್ಸ್ ಎಲ್ಲವನ್ನೂ ಹಿಡಿಯುವುದಿಲ್ಲ. ಟೂರೊಯ್‌ನಲ್ಲಿ ಬಿರುಕು ಲೋಹದ ಮೇಲ್ಮೈಯ ಕೆಳಗೆ ಬೆಳೆದಿತ್ತು. ಕಂಪನದಿಂದಲೂ, ಎಣ್ಣೆಯಲ್ಲಿ ಸಿಗುವ ಲೋಹದ ಚೂರಿನಿಂದಲೂ ಮುನ್ಸೂಚನೆ ಸಿಗಲಿಲ್ಲ.

ಆದ್ದರಿಂದ ಎರಡನೇ ಪ್ರಶ್ನೆ ಇನ್ನೂ ಮುಖ್ಯ: ತಯಾರಕರ ಸರ್ವಿಸ್ ಬುಲೆಟಿನ್ (ಭಾಗ ಬದಲಿಸಿ, ಪರೀಕ್ಷಿಸಿ ಎಂಬಂಥ ಸೂಚನೆ) ಬಂದರೆ ಕೊಟ್ಟ ಗಡುವಿನ ಕೊನೆಯವರೆಗೆ ಕಾಯುತ್ತೀರೋ, ಮುಂಚೆಯೇ ಮುಗಿಸುತ್ತೀರೋ? 2009ರ ಮಾರ್ಚ್ 12ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಿನಲ್ಲಿ ಎಸ್-92 ಬಿದ್ದು 18 ಜನರಲ್ಲಿ 17 ಮಂದಿ ಸತ್ತರು. ಗೇರ್‌ಬಾಕ್ಸ್‌ನ ಎಣ್ಣೆ ಫಿಲ್ಟರ್ ಬಟ್ಟಲನ್ನು ಹಿಡಿದಿದ್ದ ಟೈಟಾನಿಯಂ ಸ್ಟಡ್ ಮುರಿದು ಎಣ್ಣೆ ಹೊರಹೋಗಿತ್ತು. ಅವನ್ನು ಉಕ್ಕಿನ ಸ್ಟಡ್‌ಗೆ ಬದಲಿಸಬೇಕೆಂಬ ಬುಲೆಟಿನ್ ಅದೇ ಜನವರಿಯಲ್ಲಿ ಬಂದಿತ್ತು; ಗಡುವು 1250 ಗಂಟೆ ಅಥವಾ ಒಂದು ವರ್ಷ. ಗಡುವಿನೊಳಗೇ ಇದ್ದ ಹೆಲಿಕಾಪ್ಟರ್ ಅದು. ಕಾಗದದ ಮೇಲೆ ಯಾವ ತಪ್ಪೂ ಇಲ್ಲ.

ಮೂರನೆಯದು ಅಲೆಯ ಮಿತಿ. ಹೆಲಿಕಾಪ್ಟರ್ ನೀರಿಗಿಳಿದರೆ ಅದನ್ನು ತೇಲಿಸುವ ಫ್ಲೋಟ್‌ಗಳಿಗೆ ಇಂತಿಷ್ಟು ಸಮುದ್ರಸ್ಥಿತಿಯವರೆಗೆ ಎಂಬ ಪ್ರಮಾಣಪತ್ರವಿದೆ. ಅಲೆ ಅದನ್ನು ಮೀರಿದರೆ ಹಾರಾಟ ನಿಲ್ಲಿಸುತ್ತೀರಾ? 2013ರ ಆಗಸ್ಟಿನಲ್ಲಿ ಶೆಟ್‌ಲ್ಯಾಂಡಿನ ಸಂಬರೊ ಬಳಿ ನಾಲ್ವರು ಸತ್ತ ಅಪಘಾತದ ನಂತರ, 2014ರಲ್ಲಿ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಇಂಥ ಮಿತಿ ಹೇರಿತು. ನೀರಿನಡಿ ಉಸಿರಾಡಲು ಸಂಕುಚಿತ ಗಾಳಿಯ ಉಪಕರಣವನ್ನೂ ಪ್ರಯಾಣಿಕರಿಗೆ ಕಡ್ಡಾಯ ಮಾಡಿತು. ಬೇರೆ ಕಡಲುಗಳಲ್ಲಿ ಇದು ಕಂಪನಿ ಮತ್ತು ಗ್ರಾಹಕರ ಇಚ್ಛೆಗೆ ಬಿಟ್ಟದ್ದಾಗಿರಬಹುದು. ತೈಲೋದ್ಯಮದ ಸಂಘಟನೆ ಐಒಜಿಪಿ ಆಫ್‌ಶೋರ್ ಹೆಲಿಕಾಪ್ಟರ್‌ಗಳಿಗೆ ಕೊಟ್ಟಿರುವ 690 ಎಂಬ ಮಾರ್ಗಸೂಚಿಯನ್ನು ಒಪ್ಪಂದದಲ್ಲಿ ಸೇರಿಸಿದ ಗ್ರಾಹಕನಿದ್ದರೆ ಕಂಪನಿಯ ಮೇಲೆ ಆಡಿಟ್‌ನ ಕಣ್ಣು ಇದ್ದೇ ಇರುತ್ತದೆ.

ರಿಗ್, ಹಡಗುಗಳ ಮೇಲೆ ಹೆಲಿಕಾಪ್ಟರ್ ಇಳಿಯುವ ಡೆಕ್ ಬಗ್ಗೆಯೂ ವಿಚಾರಿಸಿ. ಎಸ್-92ರ ಡಿ-ವ್ಯಾಲ್ಯೂ (ರೋಟರ್ ತಿರುಗುವಾಗಿನ ಒಟ್ಟು ಉದ್ದ) 20.88 ಮೀಟರ್, ಅದಕ್ಕಿಂತ ಚಿಕ್ಕ ಡೆಕ್‌ಗೆ "ಒಂದು ಸಲಕ್ಕೆ" ಇಳಿಯುವ ರೂಢಿ ಇದೆಯೇ? ತೇಲುವ ಹಡಗಿನ ಡೆಕ್ ಆದರೆ ಓಲಾಟ, ಏರಿಳಿತದ ಅಂಕಿ ಇಳಿಯುವ ಮೊದಲು ರೇಡಿಯೋದಲ್ಲಿ ಬರುತ್ತದೆಯೇ? ರಾತ್ರಿ ಹಾರಾಟವಿದ್ದರೆ, ಕೋ-ಪೈಲಟ್‌ಗೆ ಕಳೆದ 90 ದಿನದಲ್ಲಿ ಎಷ್ಟು ರಾತ್ರಿ ಡೆಕ್ ಲ್ಯಾಂಡಿಂಗ್ ಸಿಕ್ಕಿದೆ ಎಂಬ ಸಂಖ್ಯೆ ಕೇಳಿ.

ಇವುಗಳಿಗೆ ಉತ್ತರವನ್ನು ನೇಮಕಾತಿ ವಿಭಾಗದಿಂದ ನಿರೀಕ್ಷಿಸಬೇಡಿ. ಅದೇ ಬೇಸ್‌ನಿಂದ ಈಚೆಗೆ ಕೆಲಸ ಬಿಟ್ಟ ಇಬ್ಬರು ಪೈಲಟ್‌ಗಳನ್ನೂ ಒಬ್ಬ ಎಂಜಿನಿಯರನ್ನೂ ಹುಡುಕಿ ಮಾತಾಡಿ. "ಹವಾಮಾನ ಸರಿಯಿಲ್ಲ ಎಂದು ಹಿಂದಿರುಗಿದ ಕ್ಯಾಪ್ಟನ್‌ಗೆ ಮರುದಿನ ಏನಾಯಿತು?" ಎಂದು ಕೇಳಿದರೆ ಅರ್ಧ ಗಂಟೆ ಹೇಳುತ್ತಾರೆ.

ಪ್ರಶ್ನೆ: ದೊಡ್ಡ ಹೆಸರಿನ ಕಂಪನಿಯಾದರೆ ನೌಕರಿ ಭದ್ರ ತಾನೇ?

ಉತ್ತರ: ಸಿಎಚ್‌ಸಿ 2016ರಲ್ಲಿ, ಪಿಎಚ್‌ಐ ಮತ್ತು ಬ್ರಿಸ್ಟೊ 2019ರಲ್ಲಿ ಅಮೆರಿಕದ ದಿವಾಳಿ ಕಾನೂನಿನ ಆಶ್ರಯ ಪಡೆದವು. 2014ರ ನಂತರ ತೈಲದ ಬೆಲೆ ಕುಸಿದಾಗ ಸಾಲದ, ದೊಡ್ಡ ಹೆಲಿಕಾಪ್ಟರ್‌ಗಳ ಬಾಡಿಗೆಯ ಹೊರೆ ತಡೆಯಲಾಗಲಿಲ್ಲ. ಮೂರೂ ಮತ್ತೆ ಎದ್ದು ನಿಂತವು, ಆದರೆ ಈ ಧಂದೆಯಲ್ಲಿ ಹೆಸರನ್ನು ನಂಬಿ ಕೂರುವಂತಿಲ್ಲ. ನಿಮ್ಮ ಸಂಬಳ ಬರುವುದು ತೈಲ ಕಂಪನಿಯೊಂದು ಆ ಬೇಸ್‌ಗೆ ಕೊಟ್ಟ ಗುತ್ತಿಗೆಯಿಂದ. ಆ ಗುತ್ತಿಗೆಯಲ್ಲಿ ಇನ್ನೆಷ್ಟು ವರ್ಷ ಉಳಿದಿದೆ, ಮರುಟೆಂಡರ್ ಯಾವಾಗ, ಸೋತರೆ ಪೈಲಟ್‌ಗಳನ್ನು ಬೇರೆ ಬೇಸ್‌ಗೆ ಕಳಿಸುತ್ತಾರೋ ಮನೆಗೆ ಕಳಿಸುತ್ತಾರೋ, ಇಷ್ಟನ್ನು ತಿಳಿದುಕೊಳ್ಳಿ. ಎಂಟು ತಿಂಗಳಷ್ಟೇ ಉಳಿದಿರುವ ಗುತ್ತಿಗೆಗೆ ಎರಡು ವರ್ಷದ ಬಾಂಡ್ ಬರೆದುಕೊಡುವುದು ಜಾಣತನವಲ್ಲ.

ಪ್ರಶ್ನೆ: ಬೇರೆ ದೇಶದಲ್ಲಿ ಹಾರಿದ ಗಂಟೆಗಳು ಮುಂದೆ ಲೆಕ್ಕಕ್ಕೆ ಬರುತ್ತವೆಯೇ?

ಉತ್ತರ: ಬರುತ್ತವೆ, ದಾಖಲೆ ಸರಿಯಿದ್ದರೆ. ಹೆಚ್ಚಿನ ಕಡೆ ಮೊದಲು ಕೊಡುವುದು ವ್ಯಾಲಿಡೇಶನ್, ಅಂದರೆ ನಿಮ್ಮ ಈಗಿನ ಲೈಸೆನ್ಸಿಗೆ ಆ ದೇಶದ ಮಾನ್ಯತೆ. ಅದು ತಾತ್ಕಾಲಿಕ, ಕೆಲಸ ಬಿಟ್ಟಮೇಲೆ ಉಪಯೋಗಕ್ಕೆ ಬಾರದಿರಬಹುದು. ಲೈಸೆನ್ಸನ್ನೇ ಪರಿವರ್ತಿಸಿಕೊಡುವ ಕಂಪನಿ ಸಿಕ್ಕರೆ ಅದಕ್ಕೆ ಸಂಬಳದಷ್ಟೇ ತೂಕ ಕೊಡಿ. ಮುಂದೆ ಯುರೋಪಿನ ಎಟಿಪಿಎಲ್ (ಪೈಲಟ್‌ಗಳ ಅತಿ ಮೇಲ್ಮಟ್ಟದ ಲೈಸೆನ್ಸ್) ಮಾಡುವ ಯೋಚನೆಯಿದ್ದರೆ ಹೆಲಿಕಾಪ್ಟರಿನಲ್ಲಿ 1000 ಗಂಟೆ ಬೇಕು. ಅದರೊಳಗೆ ಮಲ್ಟಿ-ಪೈಲಟ್ (ಇಬ್ಬರು ಪೈಲಟ್ ಬೇಕಾದ) ಹೆಲಿಕಾಪ್ಟರಿನಲ್ಲಿ 350, ರಾತ್ರಿ 100 ಗಂಟೆ. ಕಮಾಂಡ್ (ನೀವೇ ಕ್ಯಾಪ್ಟನ್ ಆಗಿ ಹಾರಿದ್ದು) ಲೆಕ್ಕಕ್ಕೆ 250 ಗಂಟೆ, ಇಲ್ಲವೇ 100 ಗಂಟೆ ಕಮಾಂಡ್ ಜೊತೆಗೆ ಕ್ಯಾಪ್ಟನ್‌ನ ಮೇಲ್ವಿಚಾರಣೆಯಲ್ಲಿ 150. ಕೋ-ಪೈಲಟ್‌ಗಳು ಎಡವುವುದು ಇಲ್ಲೇ. ಮೇಲ್ವಿಚಾರಣೆಯ ಗಂಟೆಗೆ ಕ್ಯಾಪ್ಟನ್‌ನ ಸಹಿ ಆಗಿಂದಾಗ ಹಾಕಿಸಿಕೊಳ್ಳದೆ, ವರ್ಷ ಕಳೆದ ಮೇಲೆ ಹುಡುಕಿದರೆ ಆ ಕ್ಯಾಪ್ಟನ್ ಮತ್ಯಾವುದೋ ಖಂಡದಲ್ಲಿರುತ್ತಾನೆ. ಬಿಡುವ ಮುಂಚೆ ಕಂಪನಿಯ ಲೆಟರ್‌ಹೆಡ್‌ನಲ್ಲಿ ಗಂಟೆಗಳ ಪ್ರಮಾಣಪತ್ರ, ಸಿಮ್ಯುಲೇಟರ್ ಚೆಕ್ ಫಾರಂಗಳ ಪ್ರತಿ, ಪೂರ್ತಿ ತರಬೇತಿ ಕಡತ, ಇಷ್ಟನ್ನು ಕೈಗೆ ತೆಗೆದುಕೊಂಡೇ ರಾಜೀನಾಮೆ ಕೊಡಿ.